ತಿರುವು ಕಲಿಸಿದ ಉಸ್ತಾದರು

ಉಸ್ತಾದರು ತೀರಿಕೊಂಡ ಸುದ್ದಿ ಬಂದಾಗ ನಾನು ಹಚ್ಚೊಳ್ಳಿಯಲ್ಲಿ ಒಂದು ಎಮ್ಮೆಯ ಕತ್ತು ಹಿಡಿದು ನಿಂತಿದ್ದೆ. ನಾನು ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರ್, ಸಿರುಗುಪ್ಪ ತಾಲ್ಲೂಕಿನ ಹಳ್ಳಿಹಳ್ಳಿಗೆ ಬೈಕಿನ ಮೇಲೆ ಹೋಗಿ ದನಗಳಿಗೆ ಲಸಿಕೆ ಹಾಕುವವನು. ಊರವರ ಬಾಯಲ್ಲಿ ಡಾಕ್ಟ್ರು. ಫೋನಿನಲ್ಲಿ ಹಳೆಯ ಗೆಳೆಯ, ‘ಉಸ್ತಾದ್ರು ಹೋಗಿಬಿಟ್ರಲೇ’ ಎಂದ. ‘ಯಾವ ರಸ್ತಿಯಾಗ?’ ಎಂದು ನನ್ನ ಬಾಯಿಂದ ಬಂತು. ಸಾವಿನ ಸುದ್ದಿ ಕೇಳಿದವರು ಯಾರಾದರೂ ಮೊದಲು ಇದನ್ನು ಕೇಳುತ್ತಾರೆಯೇ? ಆದರೆ ನನಗೆ ಬೇರೇನೂ ಹೊಳೆಯಲೇ ಇಲ್ಲ.

‘ರಸ್ತಿಯಾಗಲ್ಲ ಮಾರಾಯ, ಮಂಚದ ಮ್ಯಾಲೆ. ಮುಂಜಾನಿ ನಮಾಜಿಗೆ ಎಬ್ಬಿಸಾಕ ಹೋದ್ರ ಮೈ ತಣ್ಣಗಾಗಿತ್ತಂತ.’

ಎಮ್ಮೆ ಕೊಸರಿಕೊಂಡು ಹೋಯಿತು. ನಾನು ಸೂಜಿಗೆ ಮುಚ್ಚಳ ಹಾಕಿದೆ. ಬಳ್ಳಾರಿಯ ಪಾರ್ವತಿನಗರದ ಅವರ ಮನೆಯ ಬಾಗಿಲು ನನ್ನ ಪಾಲಿಗೆ ಮುಚ್ಚಿ ಆರು ವರ್ಷವಾಗಿತ್ತು. ಮುಚ್ಚಿದವರು ಅವರು, ಮುಚ್ಚುವಂಥ ಕೆಲಸ ಮಾಡಿದವನು ನಾನು. ಅದನ್ನು ನುಂಗಿಕೊಂಡು ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ಅದು ಇನ್ನೊಂದು ಮೋಸವಾಗುತ್ತದೆ. ಹಾಗಾಗಿ ಎರಡನ್ನೂ ಬರೆಯುತ್ತೇನೆ.

ನಾನು ಅವರ ಕೈಗೆ ಸಿಕ್ಕಿದ್ದು ಎರಡನೆಯ ಸಲ ಬಿದ್ದ ಮೇಲೆ. ಆ ಸಲ ಕಾಲುವೆ ದಂಡೆಯ ತಿರುವಿನಲ್ಲಿ ನಾನು ಒಂದು ಕಡೆ, ಬೈಕು ಒಂದು ಕಡೆ, ಲಸಿಕೆಯ ಐಸ್ ಪೆಟ್ಟಿಗೆ ನೀರಿನಲ್ಲಿ ತೇಲುತ್ತ ಇನ್ನೊಂದು ಕಡೆ ಹೋಗಿದ್ದೆವು. ಬೈಕನ್ನು ಟೆಂಪೋದಲ್ಲಿ ಹಾಕಿ ಬಳ್ಳಾರಿಯ ಕಂಟೋನ್ಮೆಂಟ್ ಬಳಿ ಇದ್ದ ಅವರ ಗ್ಯಾರೇಜಿಗೆ ಒಯ್ದು, ದನಗಳಿಗೆ ಲಸಿಕೆ ಹಾಕಲು ಹೋಗುವಾಗ ಕಾಲುವೆ ದಂಡೆಯಲ್ಲಿ ಬಿದ್ದೆ ಎಂದಷ್ಟೇ ಹೇಳಿದೆ. ಮೊಣಕೈಗೆ ಪಟ್ಟಿ ಕಟ್ಟಿಕೊಂಡು ನಿಂತ ನನ್ನನ್ನು ಅವರು ನೋಡಲೂ ಇಲ್ಲ. ಕುಕ್ಕರುಗಾಲಲ್ಲಿ ಕೂತು ಬೈಕಿನ ಸುತ್ತ ಕಣ್ಣಾಡಿಸಿದರು. ಸೊಟ್ಟಗಾದ ಎಡಗಡೆಯ ಫುಟ್‌ರೆಸ್ಟ್ ಮುಟ್ಟಿದರು, ಹ್ಯಾಂಡಲ್ ತುದಿ ಮುಟ್ಟಿದರು.

‘ಎಡಕ್ಕ ತಿರುವು. ಜೋರಿನಾಗೇ ಒಳಗ ಹೋದಿ. ಹೋದಮ್ಯಾಲೆ ಹೆದರಿದಿ, ಮುಂದಿನ ಬ್ರೇಕ್ ಹಿಚುಕಿದಿ. ಕಣ್ಣು ಕಾಲುವಿ ನೀರಿನ ಮ್ಯಾಲೆ ಇತ್ತು. ಹೌದೋ ಅಲ್ಲೋ?’

ನನಗೆ ದಿಗಿಲಾಯಿತು. ನೀರನ್ನೇ ನೋಡುತ್ತಿದ್ದೆ ಎಂಬುದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

‘ದನದ ಜಡ್ಡು ನೀ ಹೆಂಗ ಹಿಡೀತೀ? ಹಂಗ ಇದೂ. ಭಾನುವಾರ ಮುಂಜಾನಿ ಆರಕ್ಕ ಬಾ. ಹೆಲ್ಮೆಟ್ ತಗೊಂಡ ಬಾ. ಸೈಕಲ್ ಟೋಪಿ ಅಲ್ಲ, ಹೆಲ್ಮೆಟ್.’

ಅವರು ಎತ್ತರದ ಆಳಲ್ಲ. ಬಿಳಿ ಗಡ್ಡ, ಉಗುರಿನ ಸುತ್ತ ಗ್ರೀಸಿನ ಕಪ್ಪು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಭಾನುವಾರ ಗ್ಯಾರೇಜು ಮುಚ್ಚಿ, ಬೈಕು ಓಡಿಸಲು ಬರುವವರಿಗೇ ಮತ್ತೆ ಬೈಕು ಓಡಿಸುವುದನ್ನು ಕಲಿಸುತ್ತಿದ್ದರು. ಕಲಿಸುತ್ತಿದ್ದದ್ದು ಒಂದೇ ವಿದ್ಯೆ: ತಿರುವಿನಲ್ಲಿ ಬೀಳದೆ ಹೋಗುವುದು. ‘ಬಳ್ಳಾರಿ ಸೀಮಿಯಾಗ ತಿರುವರ ಎಲ್ಲಿ ಅದಾವ್ರಿ ಉಸ್ತಾದ್ರೇ? ಎಲ್ಲಾ ನೆಟ್ಟಗ ದಾರ ಹಿಡದಂಗ ಐತಿ’ ಎಂದು ನಾನು ಮೊದಲ ದಿನವೇ ತಲೆಹರಟೆ ಮಾಡಿದೆ. ‘ಅದಕ್ಕಲೇ ಬೀಳ್ತೀರಿ’ ಎಂದರು. ‘ನೆಟ್ಟಗಿನ ರಸ್ತಿಯಾಗ ಅರ್ಧ ನಿದ್ದಿ ಮಾಡ್ತೀರಿ. ತಿರುವು ಬಂದಾಗ ಎಚ್ಚರಾಗೋದ್ರಾಗ ಕಾಲುವಿ ಬಂದಿರ್ತೈತಿ.’

ಮೊದಲ ಪಾಠ ಬೈಕಿನ ಮೇಲಲ್ಲ, ಕಾಲ ಮೇಲೆ. ಕಂಟೋನ್ಮೆಂಟಿನ ಖಾಲಿ ರಸ್ತೆಯ ಮೂಲೆಯಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಇಲ್ಲದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆಯಿರಿ ಎನ್ನುತ್ತಿದ್ದರು. ನಾನು, ಒಬ್ಬ ಪೊಲೀಸ್ ಪೇದೆ, ಒಬ್ಬ ಮೇಷ್ಟ್ರು, ಮೂವರೂ ಹೊಟ್ಟೆ ಬಿಟ್ಟುಕೊಂಡ ಗಂಡಸರು, ಗಾಳಿಯನ್ನು ಹಿಡಿದುಕೊಂಡು ಸಾಲಾಗಿ ತಿರುಗುತ್ತಿದ್ದೆವು. ಬೆಳಗಿನ ವಾಕಿಂಗಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಹೋಗುತ್ತಿದ್ದರು. ‘ತಿರುವಿಗಿಂತ ಮೊದಲ ನಿಧಾನ ಆಗ್ರಿ, ತಿರುವಿನಾಗ ಅಲ್ಲ! ಕುತ್ತಿಗಿ ತಿರುಗಿಸ್ರಿ! ರಸ್ತಿ ಎಲ್ಲಿ ಮುಗೀತೈತಿ ಅಲ್ಲಿ ನೋಡ್ರಿ, ಕಾಲಬುಡ ಅಲ್ಲ!’ ಎಂದು ಅವರು ಹಿಂದೆ ಕೂಗುತ್ತ ಬರುತ್ತಿದ್ದರು.

ಎರಡನೆಯ ಪಾಠದಲ್ಲಿ ನನ್ನ ಬುದ್ಧಿಗೇ ಪೆಟ್ಟು ಬಿತ್ತು. ಬಲಕ್ಕೆ ತಿರುಗಬೇಕಾದರೆ ಬಲಗೈಯಲ್ಲಿ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ನೂಕು ಎಂದರು. ಮುಂದಕ್ಕೆ ನೂಕಿದರೆ ಎಡಕ್ಕಲ್ಲವೇ ಹೋಗುವುದು? ಹದಿನೈದು ವರ್ಷ ಬೈಕು ಓಡಿಸಿದವನು ನಾನು, ಇದನ್ನು ಒಪ್ಪಲಿ ಹೇಗೆ? ವಾದಕ್ಕಿಳಿದೆ. ಅವರು ವಾದ ಮಾಡಲಿಲ್ಲ. ‘ಹತ್ತು, ನೂಕು’ ಎಂದರು. ನೂಕಿದೆ. ಬೈಕು ಹೂವೆತ್ತಿದಂತೆ ಬಲಕ್ಕೆ ಬಾಗಿತು. ವಾಪಸು ಬಂದು ಇಳಿದಾಗ ನನ್ನ ಮುಖ ಹೇಗಿತ್ತೋ ಏನೋ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇಷ್ಟ ದಿನಾನೂ ನೀ ಹಿಂಗ ತಿರುಗಿಸ್ತಿದ್ದಿ, ನಿನಗ ಖಬರ್ ಇರಲಿಲ್ಲ ಅಷ್ಟ.’

ಮೂರನೆಯದಕ್ಕೆ ಕುರುಗೋಡಿಗೆ ಕರೆದೊಯ್ಯುತ್ತಿದ್ದರು. ಅಲ್ಲಿನ ಕಲ್ಲುಗುಡ್ಡದ ಬಗಲಲ್ಲಿ ಹಾವಿನಂತೆ ಹೋಗುವ ದಾರಿಯೊಂದಿದೆ. ಮೊಣಕಾಲಿಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ ಒಂದೊಂದು ವೀಳ್ಯದೆಲೆ ಸಿಕ್ಕಿಸುತ್ತಿದ್ದರು. ತಿರುವು ದಾಟಿ ಬಂದಾಗ ಎಲೆ ಬಿದ್ದಿದ್ದರೆ ಮೊಣಕಾಲು ಸಡಿಲವಾಗಿದೆ, ಅಂದರೆ ಭಾರವೆಲ್ಲ ಕೈಮೇಲೆ ಬಿದ್ದಿದೆ ಎಂದು ಲೆಕ್ಕ. ಬೀಳದೆ ಬಂದವನ ಎಲೆಗೆ ಸುಣ್ಣ ಅಡಿಕೆ ಹಚ್ಚಿ ಅವನಿಗೇ ತಿನ್ನಿಸುತ್ತಿದ್ದರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ತೀರ ಮೆಚ್ಚಿದರೆ ‘ಬರಾಬರ್’ ಎನ್ನುತ್ತಿದ್ದರು. ನನಗೆ ಅದು ಸಿಕ್ಕಿದ್ದು ಮೂರು ತಿಂಗಳ ಮೇಲೆ, ಒಂದೇ ಸಲ. ಮನೆಗೆ ಹೋಗಿ ಹೆಂಡತಿಗೆ ಮೂರು ಸಲ ಹೇಳಿದೆ.

ಅವರಿಗೆ ತಿರುವು ಎಂದರೆ ಹುಚ್ಚು. ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಹೋಗುವಾಗಲೂ ಬಾಗಿಲ ಮೂಲೆಯನ್ನು ಸವರಿಕೊಂಡು ಹೋಗುತ್ತಿರಲಿಲ್ಲ. ಆಚೆ ಗೋಡೆಯ ಕಡೆ ಸರಿದು, ಒಳಗಿನಿಂದ ಯಾರಾದರೂ ಬರುತ್ತಿದ್ದಾರೆಯೇ ನೋಡಿ, ಆಮೇಲೆ ತಿರುಗುತ್ತಿದ್ದರು. ‘ನಲವತ್ತ ವರ್ಷದಾಗ ಒಮ್ಮೆನೂ ನನಗ ಡಿಕ್ಕಿ ಹೊಡದಿಲ್ಲ ನೋಡಪ್ಪ’ ಎಂದು ಅವರ ಹೆಂಡತಿ ಚಹಾ ಕೊಡುತ್ತ ನಗುತ್ತಿದ್ದರು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ. ಮಕ್ಕಳಿಲ್ಲದ ಆ ಮನೆಯಲ್ಲಿ ಭಾನುವಾರದ ನಾವೆಲ್ಲ ಮಕ್ಕಳಂತೆಯೇ ಇದ್ದೆವು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ನಮ್ಮ ಹೊಲ ಹಚ್ಚೊಳ್ಳಿಯ ಹತ್ತಿರ, ಕಾಲುವೆ ನೀರಿನ ಭತ್ತದ ಹೊಲ. ಬೇಸಾಯ ಅಣ್ಣನದು. ಸುಗ್ಗಿಯಲ್ಲಿ ನಮ್ಮ ಕಡೆ ಭತ್ತವನ್ನು ಡಾಂಬರು ರಸ್ತೆಯ ಮೇಲೆಯೇ ಹರವುತ್ತಾರೆ. ಅರ್ಧ ರಸ್ತೆಗೆ ಭತ್ತ, ಅಂಚಿಗೆ ಕಲ್ಲು, ಉಳಿದ ಅರ್ಧದಲ್ಲಿ ಬಸ್ಸು, ಟ್ರ್ಯಾಕ್ಟರ್, ಜನ. ಅದರಲ್ಲೂ ತಿರುವು ಎಂದರೆ ಎಲ್ಲರಿಗೂ ಆಸೆ. ಅಲ್ಲಿ ರಸ್ತೆ ಅಗಲ, ಒಂದು ಕಡೆಗೆ ವಾಲಿರುವುದರಿಂದ ನೀರು ನಿಲ್ಲುವುದಿಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದೆ. ನಮ್ಮ ಹೊಲದ ಮುಂದಿನ ತಿರುವು ಅಪ್ಪನ ಕಾಲದಿಂದಲೂ ನಮ್ಮದೇ ಎನ್ನುವ ಹಾಗೆ ಆಗಿತ್ತು. ಕಾಲುವೆ ದಂಡೆಯ ಜಾಲಿ ಗಿಡಗಳ ಮರೆಯಲ್ಲಿ ಅದು ಎದುರಿನಿಂದ ಬರುವವರಿಗೆ ಕಾಣುವುದಿಲ್ಲ ಎಂಬುದು ಬೇರೆ ಮಾತು.

ಹೊಸ ಭತ್ತ ಬಂದ ಒಂದು ಭಾನುವಾರ ಉಸ್ತಾದರನ್ನು ಅಣ್ಣನ ಮನೆಗೆ ಊಟಕ್ಕೆ ಕರೆದಿದ್ದೆ. ಸಿರುಗುಪ್ಪ ದಾಟಿದ ಮೇಲೆ ಬೈಕು ನಿಲ್ಲಿಸಿ ಫೋನು ಮಾಡಿದರು.

‘ಲೇ ಡಾಕ್ಟ್ರೇ, ಮುಂದ ರಸ್ತಿ ಹೆಂಗೈತಿ? ಸುಗ್ಗಿ ಕಾಲ. ಭತ್ತ ಗಿತ್ತ ಹರವ್ಯಾರೇನು?’

‘ಇಲ್ರಿ ಉಸ್ತಾದ್ರೇ, ನಮ್ಮ ಕಡಿ ರಸ್ತಿ ಸಾಫ್ ಐತಿ. ಬರ್ರಿ’ ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅರ್ಧ ತಾಸಿನ ಹಿಂದೆ ಆ ತಿರುವಿನಲ್ಲಿ ಅಣ್ಣನ ಜೊತೆ ಮಾತಾಡಿಕೊಂಡು ಬಂದಿದ್ದೆ. ಅತ್ತಿಗೆ ಒಣಗಲು ಹರವಿದ ಭತ್ತವನ್ನು ಕಾಲಲ್ಲಿ ತಿರುವಿಹಾಕುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಬೇರೆಯವರು ಹರವಿದರೆ ಅದು ರಸ್ತೆ ಮೇಲಿನ ಭತ್ತ, ನಮ್ಮದು ಬರೀ ನಮ್ಮ ಭತ್ತ. ಅವರು ಕೇಳಿದಾಗ ಅದು ನನ್ನ ನೆನಪಿಗೇ ಬರಲಿಲ್ಲ. ಇಂದಿಗೂ ಇದನ್ನು ನೆನೆದರೆ ನನ್ನ ತಲೆಯ ಬಗ್ಗೆ ನನಗೇ ಗಾಬರಿಯಾಗುತ್ತದೆ.

ಅಣ್ಣ ಓಡಿ ಬಂದು ಕರೆದ. ಹೋಗಿ ನೋಡಿದರೆ ಉಸ್ತಾದರನ್ನು ಜಾಲಿ ನೆರಳಿಗೆ ಎತ್ತಿ ಮಲಗಿಸಿದ್ದರು. ಎಚ್ಚರವಿಲ್ಲ. ಬೈಕು ಆಚೆ ತಗ್ಗಿನಲ್ಲಿ ಮಕಾಡೆ ಬಿದ್ದಿತ್ತು. ಭತ್ತದ ಮೇಲೆ ಚಕ್ರ ಜಾರಿದ ಉದ್ದನೆಯ ಗೆರೆ. ಅತ್ತಿಗೆ ಅವರ ತಲೆಯ ಹತ್ತಿರ ಕೂತು ಅಳುತ್ತಿದ್ದಳು. ಆಂಬುಲೆನ್ಸಿಗೆ ಫೋನು ಮಾಡಿದೆ, ಸಿರುಗುಪ್ಪದಿಂದ ಬರಬೇಕು ಎಂದರು. ‘ಪೊಲೀಸ್ರು ಬಂದ್ರ ನಮ್ಮ ಮ್ಯಾಲೆ ಕೇಸ್ ಆಗತೈತಿ. ಹಿಡಿಯೋ’ ಎಂದ ಅಣ್ಣ, ಭತ್ತ ಬಳಿಯುವ ಹಲಗೆ ನನ್ನ ಕೈಗೆ ಕೊಟ್ಟ.

ನಾನು ಹಿಡಿದೆ. ಬೇಡ ಎನ್ನಲಿಲ್ಲ. ಕಲಿಸಿದ ಗುರು ಹತ್ತು ಮಾರು ದೂರದಲ್ಲಿ ಬಾಯಿ ತೆರೆದು ಬಿದ್ದಿರುವಾಗ ನಾನು ಬೆವರು ಸುರಿಸಿಕೊಂಡು ಭತ್ತ ಬಳಿದೆ. ಚೀಲಕ್ಕೆ ತುಂಬಿದೆ. ಅಂಚಿನ ಕಲ್ಲುಗಳನ್ನು ಹೊಲಕ್ಕೆ ಎಸೆದೆ. ಆಂಬುಲೆನ್ಸ್ ಬರುವ ಹೊತ್ತಿಗೆ ಡಾಂಬರು ಗುಡಿಸಿಟ್ಟ ಅಂಗಳದ ಹಾಗಿತ್ತು. ಏನಾಯಿತು ಎಂದು ಕೇಳಿದವರಿಗೆ, ‘ಏನೋ ಗೊತ್ತಿಲ್ರಿ, ಬಿದ್ದುಬಿಟ್ರು’ ಎಂದೆ. ಇದನ್ನು ಮಾಡಿದವನು ನಾನೇ ಎಂದು ನನಗೆ ಈಗಲೂ ನಂಬಿಕೆ ಬರುವುದಿಲ್ಲ.

ಸೊಂಟದ ಮೂಳೆ ಮುರಿದಿತ್ತು, ಹೆಗಲ ಮೂಳೆಯೂ. ಹೆಲ್ಮೆಟ್ಟಿನಿಂದ ಜೀವ ಉಳಿಯಿತು, ಆದರೆ ಬಿದ್ದ ಆ ಗಳಿಗೆಯ ನೆನಪು ಅಳಿಸಿಹೋಗಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವರು ನೋವಿನ ಮಾತೇ ಆಡಲಿಲ್ಲ. ನನ್ನ ಕೈ ಹಿಡಿದು ಕೇಳಿದರು:

‘ನನ್ನ ತಪ್ಪು ಎಲ್ಲಿ ಆತಲೇ? ಗಾಡಿ ಮೂರನೇ ಗೇರಿನಾಗಿತ್ತು. ಮೊದಲ ನಿಧಾನ ಮಾಡಿದ್ದೆ. ಅಷ್ಟರ ಮಟ ನೆನಪೈತಿ. ಮುಂದ ಏನ್ ಮಾಡಿದೆ? ಭತ್ತ ಇರಲಿಲ್ಲ, ನೀನ ಹೇಳಿದ್ದಿ. ಮತ್ತ್ಯಾಕ ಬಿದ್ದೆ?’

ಚಾಚಿ ಪಕ್ಕದಲ್ಲೇ ನಿಂತಿದ್ದರು. ‘ಆರಾಮ್ ಮಾಡ್ರಿ ಉಸ್ತಾದ್ರೇ’ ಎಂದು ಹೊರಗೆ ಬಂದೆ.

ಮನೆಗೆ ಬಂದ ಮೇಲೂ ಅದೇ ಪ್ರಶ್ನೆ. ನೋಡಲು ಹೋದವರಿಗೆಲ್ಲ ಹಾಸಿಗೆಯಲ್ಲೇ ಎರಡೂ ಕೈ ಎತ್ತಿ ಹ್ಯಾಂಡಲ್ ಹಿಡಿದು ತೋರಿಸುವರು. ಇಲ್ಲಿ ಕುತ್ತಿಗೆ ತಿರುಗಿಸಿದೆ, ಇಲ್ಲಿ ನೂಕಿದೆ, ಇಲ್ಲಿ ಏನೋ ಮಾಡಿದೆ. ವಾಕರ್ ಹಿಡಿದು ನಡೆಯುವಂತಾದ ಮೇಲೂ ಭಾನುವಾರದ ಪಾಠ ಶುರುವಾಗಲಿಲ್ಲ. ‘ನನಗ ತಿರುಗಾಕ ಬರಂಗಿಲ್ಲ, ನಿಮಗೇನು ಕಲಿಸಲಿ’ ಎಂದು ಬಂದ ಹುಡುಗರನ್ನು ವಾಪಸು ಕಳಿಸಿದರು. ಬೈಕು ಮಾರಿದರು. ಗ್ಯಾರೇಜನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟರು. ರಾತ್ರಿ ನಿದ್ದೆಯಿಲ್ಲ ಎಂದು ಚಾಚಿ ಹೇಳುತ್ತಿದ್ದರು. ಒಂದು ಮಾತು, ಒಂದೇ ಒಂದು ಮಾತು ನಾನು ಹೇಳಿದ್ದರೆ ಸಾಕಿತ್ತು. ತಿಂಗಳಿಗೊಮ್ಮೆ ಹಣ್ಣು ತೆಗೆದುಕೊಂಡು ಹೋಗಿ, ಹೇಳದೆ ವಾಪಸು ಬರುತ್ತಿದ್ದೆ.

ಹದಿಮೂರು ತಿಂಗಳಾದ ಮೇಲೆ ಹೇಳಿದೆ. ಯಾಕೆ ಅಂದೇ ಹೇಳಿದೆ ಎಂದರೆ, ಅಂದು ಅವರು ನನ್ನನ್ನೇ ಕೇಳಿಬಿಟ್ಟರು: ‘ನಿನಗ ನಾ ತಪ್ಪು ಕಲಿಸೀನೇನಲೇ? ಹುಷಾರಲೇ. ನಾ ಹೇಳಿದಂಗ ತಿರುಗಿಸಬ್ಯಾಡ.’ ಆಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಒದರಿಬಿಟ್ಟೆ: ಭತ್ತ, ಫೋನಿನ ಮಾತು, ಹಲಗೆ, ಚೀಲ, ಕಲ್ಲು.

ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವರ ಮುಖ ನಿಧಾನವಾಗಿ ಅರಳಿತು. ಹೌದು, ಅರಳಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

‘ಭತ್ತ ಇತ್ತೇನು? ಖರೇ ಭತ್ತ ಇತ್ತೇನು? ಹಂಗಾದ್ರ ನಾ ಬರಾಬರ್ ತಿರುಗಿಸಿದ್ದೆ!’ ಎಂದು ಕೂಗಿದರು. ‘ಏ, ಇಲ್ಲಿ ಬಾ! ಕೇಳಿಲ್ಲಿ! ನಂದೇನೂ ತಪ್ಪಿಲ್ಲಂತ! ನಾ ಬರಾಬರ್ ತಿರುಗಿಸಿದ್ದೆ!’

ಚಾಚಿ ಅಡುಗೆಮನೆಯಿಂದ ಓಡಿ ಬಂದರು. ಉಸ್ತಾದರು ಹೆಂಡತಿಯ ಕೈ ಹಿಡಿದುಕೊಂಡು ಮತ್ತೆ ಮತ್ತೆ ಅದನ್ನೇ ಹೇಳಿದರು. ಅಷ್ಟು ಸಂತೋಷಪಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾನು ಅವರಿಂದ ಕಿತ್ತುಕೊಂಡದ್ದು ಏನು ಎಂದು ಆಗ, ಆ ನಗುವನ್ನು ನೋಡಿದಾಗ, ಪೂರ್ತಿ ತಿಳಿಯಿತು.

ನಗು ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಹೊಸಬನನ್ನು ನೋಡುವಂತೆ ನೋಡಿದರು.

‘ಆಸ್ಪತ್ರಿಯಾಗ ಕೇಳಿದ್ನಲ್ಲಾ ನಿನ್ನ. ಕೈ ಹಿಡದು ಕೇಳಿದ್ದೆ.’

‘ಹೌದ್ರಿ ಉಸ್ತಾದ್ರೇ.’

‘ಹೋಗು ಇನ್ನ. ಮತ್ತ ಬರಬ್ಯಾಡ.’

ದನಿ ಏರಿಸಲಿಲ್ಲ. ಚಾಚಿ ನನ್ನ ಕಡೆ ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅದಾದ ಮುಂದಿನ ತಿಂಗಳಿಂದ ಭಾನುವಾರದ ಪಾಠ ಮತ್ತೆ ಶುರುವಾಯಿತು ಎಂದು ಕೇಳಿದೆ. ಕುರ್ಚಿಯ ಮೇಲೆ ಕೂತು ಕಲಿಸುತ್ತಿದ್ದರಂತೆ. ಒಂದೆರಡು ಸಲ ಕಂಟೋನ್ಮೆಂಟಿನ ಮರದ ಮರೆಯಲ್ಲಿ ನಿಂತು ದೂರದಿಂದ ನೋಡಿ ಬಂದಿದ್ದೇನೆ. ಹತ್ತಿರ ಹೋಗುವ ಧೈರ್ಯ ಆಗಲಿಲ್ಲ.

ಹೀಗೆ ಆರು ವರ್ಷದ ಮೇಲೆ, ಅವರು ಬೇಡ ಎನ್ನಲಾಗದ ದಿನ, ಮತ್ತೆ ಆ ಮನೆಗೆ ಹೋದೆ. ಬೀದಿಯಲ್ಲಿ ಶಾಮಿಯಾನ ಹಾಕಿ ಕುರ್ಚಿ ಇಟ್ಟಿದ್ದರು. ಉದ್ದಕ್ಕೂ ಬೈಕುಗಳು ನಿಂತಿದ್ದವು. ಒಳಗೆ ಹೋಗಿ ಮುಖ ನೋಡಿ ಬಂದು ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ಹುಡುಗಿ ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದಳು. ಕುರುಗೋಡಿನಿಂದ ದಿನಾ ಬಳ್ಳಾರಿಗೆ ಬೈಕಿನಲ್ಲಿ ಬಂದುಹೋಗುವ ನರ್ಸಂತೆ, ಹೋದ ವರ್ಷ ಉಸ್ತಾದರ ಹತ್ತಿರ ಕಲಿತವಳು.

‘ಮೊದಲ ದಿನ ನಿಮಗೂ ಗಾಳಿ ಹ್ಯಾಂಡಲ್ ಹಿಡಿಸಿ ನಡೆಸಿದ್ರೇನು?’ ಎಂದು ಕೇಳಿದೆ.

‘ಇಲ್ರಿ ಸರ್. ಮೊದಲ ದಿನ ಕೈಯಾಗ ಕಸಬರಿಗಿ ಕೊಟ್ರು’ ಎಂದಳು. ‘ತಿರುವಿನಾಗಿನ ಉಸುಕು, ಕಡಿ ಎಲ್ಲಾ ಗುಡಿಸಾಕ ಹಚ್ಚಿದ್ರು. ಒಂದ ತಾಸು. ನಾವು ನಕ್ಕೊಂತ ಗುಡಿಸಿದ್ವಿ. ಆಮ್ಯಾಲೆ ಕುಂದರಿಸಿ ಹೇಳಿದ್ರು. ಅವರ ಶಿಷ್ಯ ಒಬ್ಬ ಇದ್ನಂತ್ರಿ. ಚಲೋ ಓಡಿಸ್ತಿದ್ನಂತ. ಅವನೇ ತಿರುವಿನಾಗ ಭತ್ತ ಹರವಿದ್ನಂತ, ಅದರ ಮ್ಯಾಲೇನ ಉಸ್ತಾದ್ರು ಬಿದ್ದದ್ದು. “ಅವಂದಲ್ಲ, ನಂದ ತಪ್ಪು. ನಾ ಅವನಿಗೆ ಬೀಳದಂಗ ಹೋಗೋದು ಅಷ್ಟ ಕಲಿಸಿದೆ, ಮಂದಿ ಬೀಳದಂಗ ನೋಡೋದು ಕಲಿಸಲಿಲ್ಲ” ಅಂತಿದ್ರು. ಎಷ್ಟ ಕೇಳಿದ್ರೂ ಅವನ ಹೆಸರು ಮಾತ್ರ ಹೇಳಲಿಲ್ಲ ನೋಡ್ರಿ.’

ಕೊನೆಗೂ ಅವರು ತಮ್ಮ ತಪ್ಪನ್ನು ಹುಡುಕಿಕೊಂಡೇ ಬಿಟ್ಟಿದ್ದರು.

‘ನಾನ ಅವನು, ತಂಗಿ’ ಎಂದೆ.

ಅವಳು ಮೂಗು ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು, ನನ್ನ ಕೈ ನೋಡಿದಳು. ಬೈಗುಳ ಬರುತ್ತದೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

‘ಈಗ ಎಲ್ಲಿ ಒಣಗಸ್ತೀರಿ ಭತ್ತ?’

ಆ ಘಟನೆಯ ಮೇಲೆ ಅಣ್ಣ ಎರಡು ಬೆಳೆ ಕಣದಲ್ಲೇ ಒಣಗಿಸಿದ್ದ. ಮೂರನೆಯದಕ್ಕೆ ರಸ್ತೆಯ ಅಂಚಿಗೆ ಬಂದ, ನಾಲ್ಕನೆಯದಕ್ಕೆ ತಿರುವಿಗೆ. ನಾನು ಏನೂ ಹೇಳಲಿಲ್ಲ. ಆ ಅಕ್ಕಿಯನ್ನು ನನ್ನ ಮನೆಯಲ್ಲೂ ಉಣ್ಣುತ್ತೇವೆ. ಅಂದೇ ಮುಂಜಾನೆ, ಉಸ್ತಾದರ ಮುಖ ನೋಡಲು ಹೊರಟಾಗ, ನಮ್ಮ ಭತ್ತದ ಪಕ್ಕದಲ್ಲಿ ಬೈಕನ್ನು ನಿಧಾನ ಮಾಡಿ, ಅವರು ಕಲಿಸಿದ ಹಾಗೆಯೇ ಕುತ್ತಿಗೆ ತಿರುಗಿಸಿ, ಜಾರದೆ ದಾಟಿ ಬಂದಿದ್ದೆ.

‘ಅಲ್ಲೇ’ ಎಂದೆ. ‘ಇವತ್ತೂ ಅಲ್ಲೇ ಐತಿ.’

ಹುಡುಗಿ ಎದ್ದು ನಿಂತಳು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ‘ಫೋನ್ ಹಚ್ರಿ’ ಎಂದಳು. ‘ನನ್ನ ಮುಂದ ಹಚ್ರಿ.’

ಅಣ್ಣ ಎರಡನೆಯ ರಿಂಗಿಗೇ ಎತ್ತಿದ. ಭತ್ತ ತೆಗೆ ಎಂದೆ. ಇಷ್ಟು ಚಲೋ ಬಿಸಿಲಿದೆ, ಸಂಜೆಗೆ ತೆಗೆಯುತ್ತೇನೆ ಎಂದ. ಈಗಲೇ ತೆಗೆ ಎಂದೆ. ಯಾಕೆ, ಪೊಲೀಸರು ಬರುತ್ತಿದ್ದಾರೇನು ಎಂದು ಕೇಳಿದ.

‘ಯಾರೂ ಬರಂಗಿಲ್ಲಣ್ಣ’ ಎಂದೆ. ‘ಉಸ್ತಾದ್ರು ಸತ್ತಾರ.’

ಅಣ್ಣ ಫೋನು ಕಟ್ ಮಾಡಲಿಲ್ಲ, ಎಲ್ಲೋ ಕೆಳಗಿಟ್ಟ. ಅತ್ತಿಗೆಯ ಹೆಸರು ಹಿಡಿದು ಜೋರಾಗಿ ಕರೆದದ್ದು ಕೇಳಿಸಿತು. ಆಮೇಲೆ ಡಾಂಬರಿನ ಮೇಲೆ ಹಲಗೆ ಎಳೆಯುವ ಸದ್ದು ಬಂತು. ಫೋನನ್ನು ಹುಡುಗಿಯ ಕಡೆ ಹಿಡಿದೆ. ಅವಳು ಅದನ್ನು ಕಿವಿಗೆ ಒತ್ತಿಕೊಂಡು, ಆ ಸದ್ದು ಪೂರ್ತಿ ನಿಲ್ಲುವವರೆಗೂ ಕೇಳಿಸಿಕೊಂಡಳು.